ಎಲ್ಲರ ಕಣ್ಣು ಚೆಂಡಿನ ಮೇಲೆ, ಇವರದು ಗೆರೆಯ ಮೇಲೆ

ಸೂರತ್, ವಡೋದರಾ, ಅಹಮದಾಬಾದ್. ಕನ್ನಡಿಗರಿಗೆ ಕಪ್ ಕೊಟ್ಟು ಕಳಿಸಿದ ಮೂರು ಊರು. ಮೂರೂ ಕಡೆ ಆಟಗಾರರ ನಡುವೆಯೇ ನಿಂತು, ಯಾರ ನೆನಪಿನಲ್ಲೂ ಉಳಿಯದೆ ಹೋದವರು ಅಂಪೈರ್‌ಗಳು. ಅವರು ಎಲ್ಲಿ ನಿಲ್ಲುತ್ತಾರೆ? ಏನನ್ನು ನೋಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಏನನ್ನು ನೋಡದೆ ಬಿಡುತ್ತಾರೆ?

2025ರ ಜೂನ್ 3ರ ರಾತ್ರಿ. ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್‌ನ ಕೊನೆಯ ಓವರ್. ಬೆಂಗಳೂರಿನ ಆರ್‌ಸಿಬಿ ಎದುರು ಪಂಜಾಬ್ ಕಿಂಗ್ಸ್‌ಗೆ ಆರು ಎಸೆತಗಳಲ್ಲಿ 29 ರನ್ ಬೇಕು. ಚೆಂಡು ಜೋಶ್ ಹೇಜಲ್‌ವುಡ್ ಕೈಯಲ್ಲಿದೆ. ಮೊದಲ ಎಸೆತಕ್ಕೆ ರನ್ ಇಲ್ಲ. ಎರಡನೆಯದಕ್ಕೂ ಇಲ್ಲ. ಫೀಲ್ಡಿಂಗ್‌ಗೆ ನಿಂತಿದ್ದ ವಿರಾಟ್ ಕೊಹ್ಲಿಯ ಕಣ್ಣು ಅಲ್ಲೇ ತುಂಬಿ ಬಂತು. ಹದಿನೆಂಟು ಸೀಸನ್ ಕಾದ ಕಪ್ಪು ಕೈಗೆ ಬಂದಾಯಿತು ಎಂದು ಅವರಿಗೂ ಗೊತ್ತಾಯಿತು, ಟಿವಿ ಮುಂದೆ ಕೂತ ಕರ್ನಾಟಕಕ್ಕೂ ಗೊತ್ತಾಯಿತು.

ಲೆಕ್ಕವೂ ಹಾಗೇ ಇತ್ತು. ಉಳಿದದ್ದು ನಾಲ್ಕು ಎಸೆತ. ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಹೊಡೆದರೂ 24. ಬೇಕಾದದ್ದು 29.

ಆದರೂ ಒಂದು ಕಿಂಡಿ ತೆರೆದೇ ಇತ್ತು. ನೋ ಬಾಲ್ ಅಥವಾ ವೈಡ್ ಬಿದ್ದರೆ ಎಸೆತ ಒಂದು ಹೆಚ್ಚುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ಇಡೀ ಕ್ರೀಡಾಂಗಣ ಪಂದ್ಯ ಮುಗಿಯಿತೆಂದು ಕೂಗುತ್ತಿದ್ದಾಗಲೂ ಹಾಗೆ ಅಂದುಕೊಳ್ಳುವ ಹಕ್ಕಿಲ್ಲದ ಕೆಲವರು ಅಲ್ಲಿದ್ದರು. ಅವರಲ್ಲೊಬ್ಬರು ಮೈದಾನದಲ್ಲೂ ಇರಲಿಲ್ಲ. ಟಿವಿ ಪರದೆಗಳ ಮುಂದೆ ಕೂತು, ಹೇಜಲ್‌ವುಡ್ ಮುಂಗಾಲಿನ ಹಿಮ್ಮಡಿ ಬಿಳಿ ಗೆರೆಯ ಹಿಂದಿದೆಯೇ ಎಂದು ಪ್ರತಿ ಎಸೆತಕ್ಕೂ ನೋಡುತ್ತಿದ್ದರು. ಶಶಾಂಕ್ ಸಿಂಗ್ ಮುಂದಿನ ನಾಲ್ಕು ಎಸೆತಗಳಲ್ಲಿ 6, 4, 6, 6 ಚಚ್ಚಿದರು. ಹಿಮ್ಮಡಿ ಒಮ್ಮೆಯೂ ಗೆರೆ ದಾಟಲಿಲ್ಲ. ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಿತು.

ಮರುದಿನ ಬೆಂಗಳೂರಿನಲ್ಲಿ ನಡೆದ ಕಾಲ್ತುಳಿತದ ನೋವು ಆ ಗೆಲುವಿಗೆ ಅಂಟಿಕೊಂಡೇ ಉಳಿದಿದೆ. ಆ ಮಾತು ಬೇರೆ. ಇಲ್ಲಿ ಹೇಳಹೊರಟಿರುವುದು ಆ ಹಿಮ್ಮಡಿಯ ಕಥೆ.

ಆರು ರನ್‌ಗಳ ಹಳೆಯ ಬಾಕಿ

ಆ ಫೈನಲ್‌ಗೆ ಆರು ವರ್ಷ ಹಿಂದೆ, 2019ರ ಮಾರ್ಚ್ 28. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಇಂಡಿಯನ್ಸ್ ಎದುರು ಆರ್‌ಸಿಬಿಗೆ ಕೊನೆಯ ಎಸೆತದಲ್ಲಿ ಏಳು ರನ್ ಬೇಕಿತ್ತು. ಲಸಿತ್ ಮಾಲಿಂಗ ಎಸೆದರು, ರನ್ ಬರಲಿಲ್ಲ, ಮುಂಬೈ ಗೆದ್ದಿತು. ಆಟಗಾರರು ಕೈ ಕುಲುಕುವ ಹೊತ್ತಿಗೆ ದೊಡ್ಡ ಪರದೆಯ ಮೇಲೆ ಮರುಪ್ರಸಾರ ಬಂತು. ಮಾಲಿಂಗನ ಕಾಲು ಗೆರೆಯ ಆಚೆ ಬಿದ್ದಿತ್ತು. ಸ್ಪಷ್ಟ ನೋ ಬಾಲ್. ಅಂದೂ ಸೋಲು ಗೆಲುವಿನ ಅಂತರ ಆರೇ ರನ್. ಇದೇನು ಕ್ಲಬ್ ಕ್ರಿಕೆಟ್ಟೇ ಎಂಬ ಅರ್ಥದಲ್ಲಿ ಕೊಹ್ಲಿ ಸಿಡಿದದ್ದು ಅಭಿಮಾನಿಗಳಿಗೆ ನೆನಪಿದೆ.

ಅಷ್ಟು ದೊಡ್ಡ ಕಾಲು ಅಷ್ಟು ಹತ್ತಿರ ನಿಂತವರಿಗೆ ಕಾಣಲಿಲ್ಲವೇ ಎಂದು ಅಂದು ಎಲ್ಲರೂ ಕೇಳಿದರು. ಬೌಲರ್ ತುದಿಯಲ್ಲಿ ನಿಂತು ನೋಡಿದವರು ಹಾಗೆ ಕೇಳುವುದಿಲ್ಲ. ಅಂಪೈರ್ ಮೊದಲು ಕೆಳಗೆ ನೋಡಬೇಕು: ಹಿಂಗಾಲು ಪಕ್ಕದ ಗೆರೆ ಮುಟ್ಟಿತೇ, ಮುಂಗಾಲಿನ ಒಂದಿಷ್ಟಾದರೂ ಕ್ರೀಸ್‌ನ ಹಿಂದಿತ್ತೇ. ಆಮೇಲೆ ತಲೆ ಎತ್ತಿ ಆಚೆ ತುದಿಯ ಬ್ಯಾಟು, ಪ್ಯಾಡು, ಸ್ಟಂಪುಗಳ ಮೇಲೆ ಕಣ್ಣು ನೆಡಬೇಕು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಅಲ್ಲಿಗೆ ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಕೆಳಗಿನ ನೋಟ ಒಂದು ಕ್ಷಣ ಹೆಚ್ಚಾದರೆ ಎಲ್‌ಬಿಡಬ್ಲ್ಯು ತಪ್ಪುತ್ತದೆ, ಕಡಿಮೆಯಾದರೆ ನೋ ಬಾಲ್ ತಪ್ಪುತ್ತದೆ. ಅನುಭವಿಗಳು ಕ್ರಮೇಣ ತಲೆ ಮೊದಲೇ ಎತ್ತುವ ಕಡೆಗೆ ವಾಲುತ್ತಾರೆ. ವಿಕೆಟ್ ಬೀಳುವುದು ಅಲ್ಲಿ ತಾನೆ!

ಮರುವರ್ಷದ ಐಪಿಎಲ್‌ನಿಂದ ಮುಂಗಾಲಿನ ನೋ ಬಾಲ್ ಮೂರನೇ ಅಂಪೈರ್ ಪಾಲಿಗೆ ಹೋಯಿತು. ಅದೇ ವರ್ಷ ಮಹಿಳೆಯರ ಟಿ20 ವಿಶ್ವಕಪ್‌ನಲ್ಲೂ ಈ ವ್ಯವಸ್ಥೆ ಬಂತು. ಒಬ್ಬರ ಎರಡು ಕಣ್ಣಿಗೆ ಹಂಚಿದ್ದ ಕೆಲಸವನ್ನು ಇಬ್ಬರಿಗೆ ಹಂಚಿದರು, ಅಷ್ಟೇ. ಆಟದ ತೀರ್ಪುಗಾರಿಕೆಯ ಚರಿತ್ರೆಯೆಲ್ಲ ಹೆಚ್ಚುಕಡಿಮೆ ಈ ಹಂಚಿಕೆಯ ಚರಿತ್ರೆಯೇ.

ಏಳು ಜನ, ಒಂದು ಚೆಂಡು

ಈ ಹಂಚಿಕೆಯನ್ನು ಪರಾಕಾಷ್ಠೆಗೆ ಒಯ್ದವರು ಅಮೆರಿಕನ್ನರು. ಅವರ ಫುಟ್‌ಬಾಲ್, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ, ಭಾರತದಲ್ಲಿ ಬೇರು ಬಿಡಲಿಲ್ಲ. 2012ರಲ್ಲಿ ‘ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ’ ಎಂಬ ಪ್ರಯತ್ನವೊಂದು ನಡೆದು, ಅದರಲ್ಲಿ ‘ಬೆಂಗಳೂರು ವಾರ್‌ಹಾಕ್ಸ್’ ಹೆಸರಿನ ತಂಡವೂ ಇತ್ತು ಎಂಬುದು ಈಗ ರಸಪ್ರಶ್ನೆಗಷ್ಟೇ ಲಾಯಕ್ಕು. ಆದರೆ ಆ ಆಟದ ತೀರ್ಪುಗಾರರು ನಿಲ್ಲುವ ಬಗೆ ಮಾತ್ರ ಯಾವ ಆಟದವರಿಗೂ ಪಾಠ.

ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೈದಾನದೊಳಗೆ ಏಳು ಜನ ಅಧಿಕಾರಿಗಳು. ಚೆಂಡು ಇರುವುದು ಒಂದೇ. ಆದರೆ ಒಂದೊಂದು ಬಾರಿ ಆಟ ಶುರುವಾದಾಗಲೂ 22 ದಡೂತಿ ಆಳುಗಳು ಏಕಕಾಲಕ್ಕೆ ಹತ್ತು ಕಡೆ ಡಿಕ್ಕಿ ಹೊಡೆಯುತ್ತಾರೆ. ಅಂಗಿ ಜಗ್ಗುವುದು, ಹಿಂದಿನಿಂದ ತಳ್ಳುವುದು, ಹಿಡಿದಿಟ್ಟುಕೊಳ್ಳುವುದು ಎಲ್ಲ ನಡೆಯುವುದು ಚೆಂಡು ಇಲ್ಲದ ಕಡೆ. ಏಳೂ ಜನ ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ಒಂದು ತಪ್ಪೂ ಸಿಗದು. ಅದಕ್ಕೇ ಆಟ ಶುರುವಾಗುವ ಮೊದಲೇ ಪಾಲು ಆಗಿರುತ್ತದೆ: ಈ ಆಟಗಾರ ನಿನಗೆ, ಆ ಆಟಗಾರ ನನಗೆ. ಚೆಂಡು ಎತ್ತಲೇ ಹೋಗಲಿ, ಮೊದಲ ಕ್ಷಣಗಳಲ್ಲಿ ತನ್ನ ಪಾಲಿನವನನ್ನು ಬಿಟ್ಟು ಕಣ್ಣು ಕದಲಿಸುವಂತಿಲ್ಲ.

> ಯಾರು ಎಲ್ಲಿ?
> ಬಿಳಿ ಟೋಪಿಯವರು ರೆಫರಿ, ತಂಡದ ಮುಖ್ಯಸ್ಥರು. ಉಳಿದ ಆರು ಮಂದಿಗೆ ಕಪ್ಪು ಟೋಪಿ. ರೆಫರಿ ನಿಲ್ಲುವುದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಹಿಂದೆ, ಅವನು ಎಸೆಯುವ ಕೈಯ ಪಕ್ಕಕ್ಕೆ. ಅವನ ಮೇಲೆ ಎರಗುವವರ ಮೇಲೆ ಇವರ ಕಣ್ಣು. ಎರಡು ತಂಡ ಎದುರುಬದುರಾಗುವ ಗೆರೆಯ ಎರಡು ತುದಿಗಳಲ್ಲಿ ಡೌನ್ ಜಡ್ಜ್ ಮತ್ತು ಲೈನ್ ಜಡ್ಜ್. ಯಾರು ಮುಂಚೆ ಕದಲಿದರು ಎಂದು ಹೇಳುವವರು ಅವರೇ. ಸುಮಾರು 20 ಗಜ ಆಚೆ, ಎರಡು ಬದಿಗಳಲ್ಲಿ ಫೀಲ್ಡ್ ಜಡ್ಜ್ ಮತ್ತು ಸೈಡ್ ಜಡ್ಜ್. ಎಲ್ಲರಿಗಿಂತ ಆಳದಲ್ಲಿ, ನಟ್ಟನಡುವೆ ಬ್ಯಾಕ್ ಜಡ್ಜ್. ಏಳನೆಯವರ ಹೆಸರು, ನಮಗೆ ಪರಿಚಿತವೇ, ಅಂಪೈರ್. ತಪ್ಪು ಕಂಡರೆ ಹಳದಿ ಬಟ್ಟೆ ಎಸೆಯುವುದು ರೂಢಿ.

ಈ ಅಂಪೈರ್ ಹಿಂದೆಲ್ಲ ನಿಲ್ಲುತ್ತಿದ್ದದ್ದು ರಕ್ಷಣಾ ಆಟಗಾರರ ನಡುವೆ, ಗುದ್ದಾಟದ ಬಾಯಲ್ಲಿ. ನೋಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಮೈಗೆ ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ. ಡಿಕ್ಕಿ ತಿಂದು ಗಾಯಗೊಳ್ಳುವುದು ಹೆಚ್ಚಾದಾಗ, 2010ರಲ್ಲಿ ಅವರನ್ನು ದಾಳಿ ತಂಡದ ಹಿಂಬದಿಗೆ ಸರಿಸಿದರು. ಕ್ರಿಕೆಟ್‌ನಲ್ಲೂ ಇದೇ ಭಯ ಬೇರೆ ರೂಪದಲ್ಲಿ ಬಂತು. ಟಿ20 ಬಂದ ಮೇಲೆ ನೇರ ಹೊಡೆತಗಳ ವೇಗ ಹೆಚ್ಚಿತು. ತಮಿಳುನಾಡಿನ ದಿಂಡಿಗಲ್‌ನಲ್ಲಿ ರಣಜಿ ಪಂದ್ಯದ ವೇಳೆ ತಲೆಗೆ ಚೆಂಡು ಬಿದ್ದಿದ್ದ ಆಸ್ಟ್ರೇಲಿಯಾದ ಜಾನ್ ವಾರ್ಡ್, 2016ರ ಜನವರಿಯಲ್ಲಿ ಕ್ಯಾನ್‌ಬೆರಾದ ಏಕದಿನ ಪಂದ್ಯಕ್ಕೆ ಹೆಲ್ಮೆಟ್ ಧರಿಸಿ ಬಂದರು. ಅದೇ ವರ್ಷದ ಐಪಿಎಲ್‌ನಲ್ಲಿ ಬ್ರೂಸ್ ಆಕ್ಸೆನ್‌ಫೋರ್ಡ್ ಮುಂಗೈಗೆ ಪಾರದರ್ಶಕ ಗುರಾಣಿಯೊಂದನ್ನು ಕಟ್ಟಿಕೊಂಡು ನಿಂತರು. ಜನ ನಕ್ಕರು. ನಗುವವರ ಕಡೆಗೆ ಚೆಂಡು ಬರುವುದಿಲ್ಲ, ನೋಡಿ.

ಇಷ್ಟೆಲ್ಲ ಪಾಲು ಮಾಡಿಕೊಂಡರೂ ತಪ್ಪುತ್ತದೆ. 2019ರ ಜನವರಿ 20ರಂದು, ಅಂದರೆ ಮಾಲಿಂಗನ ನೋ ಬಾಲ್‌ಗೆ ಎರಡು ತಿಂಗಳ ಮುಂಚೆ, ನ್ಯೂ ಆರ್ಲೀನ್ಸ್‌ನಲ್ಲಿ ಸೇಂಟ್ಸ್ ಮತ್ತು ರ‍್ಯಾಮ್ಸ್ ಪಂದ್ಯ. ಗೆದ್ದವರಿಗೆ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್. ಅಂಕ ಸಮ, ಎರಡು ನಿಮಿಷವೂ ಉಳಿದಿಲ್ಲ. ಚೆಂಡು ಬರುವ ಮೊದಲೇ ರ‍್ಯಾಮ್ಸ್‌ನ ರಕ್ಷಕ ಸೇಂಟ್ಸ್ ಆಟಗಾರನಿಗೆ ಢಿಕ್ಕಿ ಹೊಡೆದು ಕೆಡವಿದ. ದೇಶವೆಲ್ಲ ಕಂಡಿತು; ಹಳದಿ ಬಟ್ಟೆ ಮಾತ್ರ ಬೀಳಲಿಲ್ಲ. ಸೇಂಟ್ಸ್ ಸೋತಿತು. ಮುಂದಿನ ಸೀಸನ್‌ಗೆ ಇಂಥ ತೀರ್ಪುಗಳನ್ನೂ ವಿಡಿಯೊ ಮರುಪರಿಶೀಲನೆಗೆ ಒಳಪಡಿಸಿದರು. ಅದು ಇನ್ನಷ್ಟು ಗೊಂದಲ ಮಾಡಿತೆಂದು ಒಂದೇ ವರ್ಷಕ್ಕೆ ಕೈಬಿಟ್ಟರು. ಕ್ರಿಕೆಟ್‌ನಲ್ಲಿ ಹಿಮ್ಮಡಿ ಗೆರೆಯ ಆಚೆಯೋ ಈಚೆಯೋ ಎಂಬುದಕ್ಕೆ ಕ್ಯಾಮೆರಾ ಉತ್ತರ ಕೊಡುತ್ತದೆ. ಒಬ್ಬ ಇನ್ನೊಬ್ಬನಿಗೆ ಎಷ್ಟು ತಾಗಿದರೆ ತಪ್ಪು ಎಂಬುದಕ್ಕೆ ಕೊಡುವುದಿಲ್ಲ.

ಸೂರತ್: ಒಂದು ರನ್, ನಾಲ್ಕು ಕಣ್ಣು

2019 ಅಂಪೈರ್‌ಗಳ ಪಾಲಿಗೆ ಭಾರಿ ವರ್ಷ. ಡಿಸೆಂಬರ್ 1ರಂದು ಸೂರತ್‌ನ ಲಾಲ್‌ಭಾಯಿ ಕಾಂಟ್ರಾಕ್ಟರ್ ಕ್ರೀಡಾಂಗಣದಲ್ಲಿ ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿ ಫೈನಲ್. ಕರ್ನಾಟಕ 5 ವಿಕೆಟ್‌ಗೆ 180. ನಾಯಕ ಮನೀಷ್ ಪಾಂಡೆ ಔಟಾಗದೆ 60. ಕೊನೆಯ ಓವರ್‌ನಲ್ಲಿ ತಮಿಳುನಾಡಿಗೆ 13 ರನ್ ಬೇಕು. ಬೌಲರ್ ಕೆ. ಗೌತಮ್. ಮೊದಲೆರಡು ಎಸೆತಗಳನ್ನು ಆರ್. ಅಶ್ವಿನ್ ಬೌಂಡರಿಗೆ ಅಟ್ಟಿದಾಗ ಕಪ್ಪು ಚೆನ್ನೈ ಕಡೆ ಮುಖ ಮಾಡಿತ್ತು. ಮುಂದಿನ ಎರಡರಲ್ಲಿ ಬಂದದ್ದು ಒಂದೇ ರನ್. ಐದನೆಯದರಲ್ಲಿ ಎರಡನೇ ರನ್‌ಗೆ ಓಡಿದ ವಿಜಯ್ ಶಂಕರ್ ರನ್ ಔಟ್. ಕೊನೆಯ ಎಸೆತಕ್ಕೆ ಮೂರು ಬೇಕಿತ್ತು, ಬಂದದ್ದು ಒಂದು. ಕರ್ನಾಟಕಕ್ಕೆ ಒಂದು ರನ್ ಜಯ.

ಇಂಥ ಓವರ್‌ನಲ್ಲಿ ಅಂಪೈರ್‌ಗಳ ಕಾಲನ್ನು ಗಮನಿಸಿದರೆ ಬೇರೆಯೇ ಆಟ ಕಾಣುತ್ತದೆ. ಬ್ಯಾಟಿಗೆ ಚೆಂಡು ತಾಗಿದ ಕೂಡಲೇ ಬೌಲರ್ ತುದಿಯವರು ಸ್ಟಂಪಿನ ಹಿಂದಿನ ಜಾಗ ಬಿಟ್ಟು ಪಕ್ಕಕ್ಕೆ ಓಡುತ್ತಾರೆ. ಸಾಮಾನ್ಯವಾಗಿ ಚೆಂಡು ಹೋದ ಕಡೆಗೇ. ಆಗ ಎಸೆತವೂ ಗೆರೆಯೂ ಒಂದೇ ನೋಟಕ್ಕೆ ಸಿಗುತ್ತವೆ, ಬೆನ್ನ ಹಿಂದಿನಿಂದ ಚೆಂಡು ಬಂದು ಬಡಿಯುವುದಿಲ್ಲ. ಎಸೆಯುವವನಿಗೂ ಸ್ಟಂಪಿಗೂ ಅಡ್ಡ ನಿಲ್ಲಕೂಡದು. ಕ್ರೀಸ್‌ನ ನೇರಕ್ಕೆ ಬಂದು, ಬೇಲ್ ಹಾರುವ ಮೊದಲು ನಿಶ್ಚಲವಾಗಿ ನಿಂತಿರಬೇಕು. ಓಡುತ್ತಿರುವ ಕಣ್ಣಿಗೆ ಗೆರೆಯೂ ಕುಣಿಯುತ್ತದೆ.

ಇಷ್ಟರ ನಡುವೆ ಇನ್ನೊಂದು ಕೆಲಸ. ಎರಡು ರನ್ ಓಡುವಾಗ ಮೊದಲ ತಿರುವಿನಲ್ಲಿ ಬ್ಯಾಟು ಗೆರೆಯೊಳಗೆ ಊರಿತೇ ಎಂದು ಇಬ್ಬರೂ ತಂತಮ್ಮ ತುದಿಯಲ್ಲಿ ನೋಡಬೇಕು. ಊರದಿದ್ದರೆ ಅದು ಶಾರ್ಟ್ ರನ್. ಒಂದು ರನ್ ಕಡಿತ. ಆ ಹೊತ್ತಿಗೆ ಚೆಂಡು ಬೌಂಡರಿ ಬಳಿ ಇರುತ್ತದೆ, ಜನರೆಲ್ಲ ಅತ್ತ ನೋಡುತ್ತಿರುತ್ತಾರೆ. ಅಂಪೈರ್ ಅಲ್ಲಿಗೊಮ್ಮೆ ಕಣ್ಣು ಹಾಯಿಸಿ ತಕ್ಷಣ ಗೆರೆಗೆ ಮರಳಬೇಕು. ಒಂದೇ ರನ್‌ನಲ್ಲಿ ಟ್ರೋಫಿ ತೀರ್ಮಾನವಾದ ರಾತ್ರಿ ಈ ಸಣ್ಣ ನೋಟದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಊರಿಗೆ ಇನ್ನೊಂದು ಹೆಗ್ಗಳಿಕೆ. 2023ರ ಜನವರಿಯಲ್ಲಿ ರಣಜಿ ಟ್ರೋಫಿ ಮೊದಲ ಬಾರಿಗೆ ಮಹಿಳಾ ಅಂಪೈರ್‌ಗಳನ್ನು ಕಂಡಿತು: ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್. ಆ ಪೈಕಿ ಸಾಫ್ಟ್‌ವೇರ್ ಉದ್ಯೋಗ ಬಿಟ್ಟು ಬಂದಿದ್ದ ಜನನಿ ನಿಂತದ್ದು ಸೂರತ್‌ನಲ್ಲಿ, ರೈಲ್ವೇಸ್ ಮತ್ತು ತ್ರಿಪುರ ಪಂದ್ಯಕ್ಕೆ. ಅತ್ತ ಎನ್‌ಎಫ್‌ಎಲ್‌ಗೆ ಮಹಿಳೆಯೊಬ್ಬರು, ಸಾರಾ ಥಾಮಸ್, ಪೂರ್ಣಾವಧಿ ಅಧಿಕಾರಿಯಾಗಿ ಬಂದದ್ದು 2015ರಲ್ಲಿ. 2021ರ ಸೂಪರ್ ಬೌಲ್‌ನಲ್ಲಿ ಡೌನ್ ಜಡ್ಜ್ ಅವರೇ.

ವಡೋದರಾ: ದಾಟುತ್ತಲೇ ಇರುವವರು

ವಡೋದರಾ ಹೊರವಲಯದ ಕೋಟಂಬಿ ಕ್ರೀಡಾಂಗಣ ಹೊಸದು. 2025ರ ಜನವರಿ 18ರಂದು ಅಲ್ಲಿ ವಿಜಯ್ ಹಜಾರೆ ಟ್ರೋಫಿ ಫೈನಲ್ ಆಡಿದ ಕರ್ನಾಟಕ 6 ವಿಕೆಟ್‌ಗೆ 348 ರನ್ ಪೇರಿಸಿ, ವಿದರ್ಭವನ್ನು 36 ರನ್‌ಗಳಿಂದ ಮಣಿಸಿತು. ಕರ್ನಾಟಕಕ್ಕೆ ಇದು ಐದನೇ ಹಜಾರೆ ಟ್ರೋಫಿ. ಎದುರಾಳಿ ನಾಯಕ ನಮ್ಮವರೇ ಆಗಿದ್ದ ಕರುಣ್ ನಾಯರ್ ಎಂಬುದು ಆ ದಿನದ ಸಣ್ಣ ಕಸಿವಿಸಿ.

ಅಂದಿನ ಶತಕವೀರ ಆರ್. ಸ್ಮರಣ್ ಎಡಗೈ ಬ್ಯಾಟರ್. 79 ಹೊಡೆದ ಅಭಿನವ್ ಮನೋಹರ್ ಬಲಗೈ. ಇಬ್ಬರೂ ಒಟ್ಟಿಗೆ ಕ್ರೀಸ್‌ನಲ್ಲಿದ್ದರೆ ಬೌಲರ್‌ನ ಲೈನ್ ಕೆಡುತ್ತದೆ ಎಂದು ವೀಕ್ಷಕ ವಿವರಣೆಕಾರರು ಹೇಳುತ್ತಾರೆ. ಸ್ಕ್ವೇರ್ ಲೆಗ್ ಅಂಪೈರ್ ಪಾಡನ್ನು ಯಾರೂ ಹೇಳುವುದಿಲ್ಲ. ಒಂದು ರನ್ ಆಯಿತೋ, ಲೆಗ್ ಸೈಡ್ ಅದಲುಬದಲಾಯಿತು. ಪಿಚ್ಚಿನ ಆಚೆ ಬದಿಗೆ ನಡೆದು ಹೋಗಬೇಕು. ಇನ್ನೊಂದು ರನ್, ಮತ್ತೆ ಈಚೆ ಬದಿಗೆ. ಫೀಲ್ಡರ್‌ಗಳಿಗೂ ಇದೇ ಓಡಾಟ ಇದೆ, ಆದರೆ ಅವರು ಕೂತು ಸುಧಾರಿಸಿಕೊಳ್ಳಲು ಇನ್ನೊಂದು ಇನಿಂಗ್ಸ್ ಇರುತ್ತದೆ. ಅಂಪೈರ್‌ಗೆ ನೂರು ಓವರೂ ನಿಂತೇ ಕಳೆಯಬೇಕು.

ಅಲ್ಲೇ ನಿಲ್ಲಬೇಕೆಂಬ ಹಟವೇನೂ ನಿಯಮಕ್ಕಿಲ್ಲ. ತೀರ್ಪು ಕೊಡಬೇಕಾದದ್ದು ಚೆನ್ನಾಗಿ ಕಾಣುವ ಕಡೆ ನಿಲ್ಲಿ ಎನ್ನುತ್ತದೆ ಕ್ರಿಕೆಟ್ ಕಾನೂನು. ಸಂಜೆಯ ಇಳಿಬಿಸಿಲು ಕಣ್ಣಿಗೆ ಹೊಡೆದರೆ, ಫೀಲ್ಡರ್ ಗೆರೆಗೆ ಅಡ್ಡ ನಿಂತರೆ, ಆಫ್ ಬದಿಗೆ, ಅಂದರೆ ಪಾಯಿಂಟ್ ಕಡೆಗೆ ಹೋಗಬಹುದು. ಫೀಲ್ಡಿಂಗ್ ತಂಡದ ನಾಯಕ, ಬ್ಯಾಟರ್ ಮತ್ತು ಜೊತೆ ಅಂಪೈರ್‌ಗೆ ಹೇಳಿ ಹೋಗಬೇಕು, ಅಷ್ಟೆ.

> ಸ್ಕ್ವೇರ್ ಲೆಗ್‌ನಲ್ಲಿ ನಿಂತವರಿಗೆ ಏನು ಕೆಲಸ?
> ಕಾಲು ಚಾಚಿ ವಿಶ್ರಮಿಸುವ ಜಾಗ ಎಂಬ ಹಾಸ್ಯ ಹಳೆಯದು. ಸ್ಟಂಪಿಂಗ್, ಹಿಟ್ ವಿಕೆಟ್, ಆ ತುದಿಯ ರನ್ ಔಟ್ ಇವರವೇ. ಲೆಗ್ ಬದಿಯಲ್ಲಿ ಬ್ಯಾಟರ್‌ನ ಹಿಂದೆ ಇಬ್ಬರಿಗಿಂತ ಹೆಚ್ಚು ಫೀಲ್ಡರ್ ಇದ್ದರೆ ನೋ ಬಾಲ್ ಕೂಗಬೇಕು. ಬೌನ್ಸರ್, ಫುಲ್‌ಟಾಸ್‌ಗಳ ಎತ್ತರಕ್ಕೆ ಸಾಕ್ಷಿ ಹೇಳಬೇಕು. ಬೌಲರ್ ಮೊಣಕೈ ಸಂಶಯ ತರಿಸಿದರೆ ಅದೂ ಇಲ್ಲಿಂದಲೇ ಚೆನ್ನಾಗಿ ಕಾಣುವುದು. ಓವರ್‌ಗೆ ಎರಡು ಎಸೆತ ಉಳಿದಾಗ ಎದೆಯ ಮೇಲೋ ತೊಡೆಯ ಮೇಲೋ ಎರಡು ಬೆರಳಿಟ್ಟು ಜೊತೆಗಾರನಿಗೆ ತೋರಿಸುವುದು ಅಂಪೈರ್‌ಗಳ ಒಳಗುಟ್ಟಿನ ಸನ್ನೆ.

ಫುಲ್‌ಟಾಸ್ ಎತ್ತರ ಅಳೆಯುವ ಕೆಲಸವೂ ಈಗ ಐಪಿಎಲ್‌ನಲ್ಲಿ ಯಂತ್ರಕ್ಕೆ ಹೋಗಿದೆ. 2024ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಕೊಹ್ಲಿ ಔಟಾಗಿ ಕೆರಳಿದ ಎಸೆತ ನೆನಪಿರಬಹುದು. ಅವರ ಸೊಂಟದ ಎತ್ತರ ಮೊದಲೇ ಅಳೆದಿಟ್ಟಂತೆ 1.04 ಮೀಟರ್. ಅವರು ಕ್ರೀಸ್‌ನಲ್ಲೇ ನಿಂತಿದ್ದರೆ ಚೆಂಡು 0.92 ಮೀಟರ್‌ನಲ್ಲಿ ಹಾದುಹೋಗುತ್ತಿತ್ತು ಎಂದಿತು ಲೆಕ್ಕ. ಕೊಹ್ಲಿ ಕ್ರೀಸ್ ಬಿಟ್ಟು ಮುಂದೆ ಬಂದಿದ್ದರು. ಆ ಪಂದ್ಯ ಆರ್‌ಸಿಬಿ ಸೋತದ್ದೂ ಒಂದೇ ರನ್‌ನಿಂದ.

ಅಹಮದಾಬಾದ್: ಕ್ಯಾಮೆರಾ ಎಲ್ಲಿ ನಿಲ್ಲಬೇಕು?

ಹಾಗಾದರೆ ಎಲ್ಲವನ್ನೂ ಕ್ಯಾಮೆರಾಗೆ ಒಪ್ಪಿಸಿಬಿಟ್ಟರೆ ಆಯಿತಲ್ಲ ಎನ್ನುವವರಿಗೆ ಮೊಟೇರಾದ ಅದೇ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಎರಡು ಉದಾಹರಣೆ ಇವೆ.

ಮೊದಲನೆಯದು 2021ರ ಫೆಬ್ರುವರಿಯ ಹಗಲು ರಾತ್ರಿ ಟೆಸ್ಟ್. ಎರಡೇ ದಿನದಲ್ಲಿ, 842 ಎಸೆತಗಳಲ್ಲಿ ಮುಗಿದುಹೋದ ಪಂದ್ಯ. ಶುಭಮನ್ ಗಿಲ್ ಕೊಟ್ಟ ಕ್ಯಾಚನ್ನು ಸ್ಲಿಪ್‌ನಲ್ಲಿ ಬೆನ್ ಸ್ಟೋಕ್ಸ್ ಹಿಡಿದರು. ನೆಲ ತಾಕಿದೆ ಎಂದರು ಟಿವಿ ಅಂಪೈರ್ ಸಿ. ಶಂಶುದ್ದೀನ್. ತೀರ್ಪು ಸರಿಯೋ ತಪ್ಪೋ ಎಂಬುದಕ್ಕಿಂತ ಇಂಗ್ಲೆಂಡ್ ಎತ್ತಿದ ತಕರಾರು ಕುತೂಹಲದ್ದು: ಸಾಕಷ್ಟು ಕೋನಗಳಿಂದ ನೋಡದೆ ಅವಸರದಲ್ಲಿ ಮುಗಿಸಿದರು ಎಂಬುದು. ನಾಯಕ ಜೋ ರೂಟ್, ಕೋಚ್ ಕ್ರಿಸ್ ಸಿಲ್ವರ್‌ವುಡ್ ಮಾತಾಡಲು ಹೋದದ್ದು ಮ್ಯಾಚ್ ರೆಫರಿ ಬಳಿಗೆ. ಅಲ್ಲಿ ಕೂತಿದ್ದವರು ನಮ್ಮ ಜಾವಗಲ್ ಶ್ರೀನಾಥ್. 1996ರಲ್ಲಿ ಇದೇ ಊರಲ್ಲಿ ದಕ್ಷಿಣ ಆಫ್ರಿಕಾವನ್ನು 21 ರನ್‌ಗೆ 6 ವಿಕೆಟ್ ಕಿತ್ತು ಕೆಡವಿದ್ದವರು.

ಅಂದರೆ ಎಲ್ಲಿ ನಿಂತು ನೋಡಬೇಕು ಎಂಬ ಪ್ರಶ್ನೆ ಕ್ಯಾಮೆರಾ ಬಂದ ಮೇಲೆ ಹೋಗಲಿಲ್ಲ. ಎಷ್ಟು ಕ್ಯಾಮೆರಾ, ಯಾವ ಕೋನ, ಯಾವುದನ್ನು ಮೊದಲು ನೋಡಬೇಕು ಎಂದು ರೂಪ ಬದಲಿಸಿತು. ಮುಂದಿನಿಂದ ಹಿಡಿದ ಚಿತ್ರದಲ್ಲಿ ಬೆರಳ ಕೆಳಗಿನ ಚೆಂಡು ನೆಲಕ್ಕಂಟಿದಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಅದರ ಕೆಳಗೆ ಬೆರಳು ಇರುತ್ತದೆ.

ಎರಡನೆಯದನ್ನು ಯಾರೂ ಮರೆತಿಲ್ಲ. 2023ರ ನವೆಂಬರ್ 19, ವಿಶ್ವಕಪ್ ಫೈನಲ್. ಮೈದಾನದಲ್ಲಿ ರಿಚರ್ಡ್ ಇಲ್ಲಿಂಗ್‌ವರ್ತ್ ಮತ್ತು ರಿಚರ್ಡ್ ಕೆಟಲ್‌ಬರೊ, ಪರದೆ ಮುಂದೆ ಜೋಯಲ್ ವಿಲ್ಸನ್, ನಾಲ್ಕನೆಯವರು ಕ್ರಿಸ್ ಗ್ಯಾಫನಿ, ರೆಫರಿ ಆ್ಯಂಡಿ ಪೈಕ್ರಾಫ್ಟ್. ಕೆಟಲ್‌ಬರೊ ನಿಂತರೆ ಭಾರತ ಸೋಲುತ್ತದೆಂಬ ಅಪಶಕುನದ ಮಾತು ಅಷ್ಟರಲ್ಲೇ ಊರೆಲ್ಲ ಹಬ್ಬಿತ್ತು. (2024ರ ಟಿ20 ವಿಶ್ವಕಪ್ ಫೈನಲ್‌ಗೆ ಅವರೇ ಟಿವಿ ಅಂಪೈರ್ ಆಗಿದ್ದರು, ಭಾರತ ಗೆದ್ದಿತು. ಆ ಮೇಲೆ ಯಾರೂ ಆ ಸುದ್ದಿ ಎತ್ತಲಿಲ್ಲ.)

ಜಸ್‌ಪ್ರೀತ್ ಬೂಮ್ರಾ ಎಸೆತ ಸ್ಟೀವ್ ಸ್ಮಿತ್ ಪ್ಯಾಡಿಗೆ ಬಡಿಯಿತು. ಬೆರಳು ಮೇಲೆದ್ದಿತು. ಸ್ಮಿತ್ ಆಚೆ ತುದಿಯ ಟ್ರಾವಿಸ್ ಹೆಡ್ ಜೊತೆ ಮಾತಾಡಿ, ಮರುಪರಿಶೀಲನೆ ಕೇಳದೆ ನಡೆದುಬಿಟ್ಟರು. ಆಮೇಲೆ ಪರದೆ ತೋರಿಸಿತು: ಚೆಂಡು ಪ್ಯಾಡಿಗೆ ತಾಗಿದ್ದು ಆಫ್ ಸ್ಟಂಪಿನ ಹೊರಗೆ. ಕೇಳಿದ್ದರೆ ಉಳಿಯುತ್ತಿದ್ದರು. ಬೌಲರ್‌ನ ಬೆನ್ನ ಹಿಂದೆ ನಿಂತ ಅಂಪೈರ್ ಬಿಡಿ, ಎಸೆತ ಆಡಿದವನಿಗೂ, ಎದುರು ತುದಿಯಲ್ಲಿ ನಿಂತಿದ್ದವನಿಗೂ ಅದು ಕಾಣಲಿಲ್ಲ. ಬೌಲರ್ ತುದಿಯಲ್ಲಿ ತಲೆ ಮೂರು ಬೆರಳಷ್ಟು ಆಚೀಚೆಯಾದರೂ 22 ಗಜದಾಚೆಯ ಗೆರೆ ಬೇರೆಯಾಗುತ್ತದೆ. ಬೌಲರ್‌ನ ಮೈ ಬೇರೆ ಅಡ್ಡ ಹಾಯುತ್ತದೆ. ಆಮೇಲೆ ಮಾರ್ನಸ್ ಲಾಬುಶೇನ್ ವಿರುದ್ಧದ ಎಲ್‌ಬಿಡಬ್ಲ್ಯು ಮನವಿಯಲ್ಲಿ ‘ಅಂಪೈರ್ಸ್ ಕಾಲ್’ ಭಾರತಕ್ಕೆ ವಿರುದ್ಧವಾಯಿತು. ಯಂತ್ರಕ್ಕೂ ಖಚಿತವಿಲ್ಲದ ಕಡೆ ಮೈದಾನದಲ್ಲಿ ನಿಂತವರ ಮೊದಲ ನೋಟವೇ ಕೊನೆಯ ಮಾತು.

ಆ ಮೊದಲ ನೋಟದ ಅತಿ ದೊಡ್ಡ ಪರೀಕ್ಷೆ ಡಿಆರ್‌ಎಸ್ ಎಂಬ ಮರುಪರಿಶೀಲನೆ ಇಲ್ಲದ ಕಾಲದಲ್ಲಿ, 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ನಡೆದಿತ್ತು. ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ ಆ ಮಧ್ಯಾಹ್ನ, ಅವರ ತುದಿಯಲ್ಲಿ ನಿಂತಿದ್ದ ಅಂಪೈರ್ ಕೂಡ ಕರ್ನಾಟಕದವರು: ಎ.ವಿ. ಜಯಪ್ರಕಾಶ್. ಆಚೆ ತುದಿಗೆ ಸ್ಟೀವ್ ಬಕ್ನರ್. ಕುಂಬ್ಳೆಯ ಹತ್ತು ವಿಕೆಟ್ ಎಲ್ಲರಿಗೂ ಬಾಯಿಪಾಠ. ಆ ಮನವಿಗಳನ್ನೆಲ್ಲ ಎದುರಿಸಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಕಾಂಕರಿಯಾ ಕೆರೆ ಬಳಿಯ ಕಬಡ್ಡಿ

ಕ್ರಿಕೆಟ್‌ಗೆ ಮೈದಾನದಲ್ಲಿ ಇಬ್ಬರು ಸಾಕು, ಏಕೆಂದರೆ ಘಟನೆ ನಡೆಯುವುದು ಬಹುಪಾಲು ಎರಡು ಗೆರೆಗಳ ಹತ್ತಿರ. ಅಮೆರಿಕನ್ ಫುಟ್‌ಬಾಲ್‌ಗೆ ಏಳು ಬೇಕು. ನಮ್ಮದೇ ಆಟಗಳಲ್ಲಿ ಅದಕ್ಕೆ ಹತ್ತಿರದ್ದು ಕಬಡ್ಡಿ. ಅದರ ವಿಶ್ವಕಪ್ 2016ರ ಅಕ್ಟೋಬರ್‌ನಲ್ಲಿ ನಡೆದದ್ದೂ ಅಹಮದಾಬಾದಿನಲ್ಲೇ, ಕಾಂಕರಿಯಾ ಬಳಿಯ ಟ್ರಾನ್ಸ್‌ಸ್ಟೇಡಿಯಾ ಅಂಗಣದಲ್ಲಿ. ಫೈನಲ್‌ನಲ್ಲಿ ಅನೂಪ್ ಕುಮಾರ್ ನಾಯಕತ್ವದ ಭಾರತ ಇರಾನ್ ತಂಡವನ್ನು 38-29ರಿಂದ ಸೋಲಿಸಿತು.

> 13 x 10 ಮೀಟರ್‌ನೊಳಗೆ
> ಒಬ್ಬ ರೆಫರಿ, ಎರಡು ಬದಿಗೆ ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಸಹಾಯಕರ ಕೆಲಸ ಬರೀ ಬರೆಯುವುದಲ್ಲ. ಔಟಾದವರು ಯಾವ ಸರದಿಯಲ್ಲಿ ಹೊರಗೆ ಕೂತಿದ್ದಾರೆ, ಯಾರು ಮೊದಲು ಮರಳಬೇಕು, ಹಿಂದಿನ ಗೆರೆಯನ್ನು ಯಾರು ತುಳಿದರು ಎಂಬುದೂ ಅವರದೇ. ಬೋನಸ್ ಗೆರೆಯಂತೂ ಕಣ್ಣಿಗೆ ಕಠಿಣ ಪರೀಕ್ಷೆ: ಎದುರು ಕನಿಷ್ಠ ಆರು ರಕ್ಷಕರಿರಬೇಕು, ರೈಡರ್‌ನ ಒಂದು ಕಾಲು ಗೆರೆಯಾಚೆ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು.

ಪ್ರೇಕ್ಷಕರು ರೈಡರ್‌ನ ಕೈ ನೋಡುತ್ತಾರೆ, ಯಾರನ್ನು ಮುಟ್ಟಿದ ಎಂದು. ಅಂಪೈರ್‌ಗೆ ಅವನ ಪಾದ ಬಿಟ್ಟು ಕಣ್ಣು ಮೇಲೇಳುವಂತಿಲ್ಲ. ಏಳು ಜನ ಸೇರಿ ಒಬ್ಬನನ್ನು ಅಮುಕಿದಾಗ, ಆ ರಾಶಿಯಡಿಯಿಂದ ಚಾಚಿದ ಬೆರಳು ನಡುಗೆರೆ ಮುಟ್ಟಿತೇ ಎಂದು ನೋಡಲು ಒಬ್ಬರು ಬಗ್ಗಿ ನಿಂತಿರಬೇಕು, ಇನ್ನೊಬ್ಬರು ಅಂಗಳದ ಅಂಚಿನ ಪಟ್ಟಿಯಾದ ಲಾಬಿಯ ಗೆರೆ ಕಾಯುತ್ತಿರಬೇಕು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಮಣಿಸಿ ಪ್ರೊ ಕಬಡ್ಡಿ ಗೆದ್ದ ರಾತ್ರಿ ಪವನ್ ಸೆಹ್ರಾವತ್ ತಂದ 22 ಅಂಕಗಳೂ ಹೀಗೆ ಒಂದೊಂದು ಗೆರೆಯ ಮೇಲೆ ತೀರ್ಮಾನವಾದವು.

ಆಟಗಾರರ ತರಬೇತಿಗೆ ಸುರಿಯುವ ಹಣ, ಹುಮ್ಮಸ್ಸಿನಲ್ಲಿ ಒಂದು ಪಾಲಾದರೂ ತೀರ್ಪುಗಾರರ ಕಡೆ ಹರಿಯಬೇಕೆಂಬ ಮಾತು ಪ್ರತಿ ವಿವಾದದ ಮರುದಿನ ಕೇಳಿಬರುತ್ತದೆ, ಮೂರನೇ ದಿನ ಮರೆಯಾಗುತ್ತದೆ. ಈಗ ಮರೆಯುವಷ್ಟು ಸಮಯ ಉಳಿದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಟಿ20 ಕ್ರಿಕೆಟ್ ಇದೆ. ಅಮೆರಿಕನ್ ಫುಟ್‌ಬಾಲ್‌ನ ಗುದ್ದಾಟವಿಲ್ಲದ ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. ಅದಾಗಿ ಎರಡು ವರ್ಷಕ್ಕೆ, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ. ಕ್ರೀಡಾಂಗಣಗಳು ಆ ಹೊತ್ತಿಗೆ ಸಿದ್ಧವಾಗುತ್ತವೆ. ಕಾಂಕ್ರೀಟು ಬೇಗ ಗಟ್ಟಿಯಾಗುತ್ತದೆ. ಗೆರೆ ಕಾಯುವ ನೂರಾರು ಜೋಡಿ ಕಣ್ಣುಗಳನ್ನು ಪಳಗಿಸಲು ಅದಕ್ಕಿಂತ ಹೆಚ್ಚು ವರ್ಷ ಬೇಕು, ಆ ಕೆಲಸ ಈಗಲೇ ಶುರುವಾಗಬೇಕು.